ಚಂದ್ರರಿಗೆ ನಾಮಕರಣ ಮಾಡಿದ ಸರ್ ಜಾನ್ ಹರ್ಷೆಲ್

ಹೋಟಲಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ಕೆಲವು ದಿನ ಹೆಸರಿರುವುದಿಲ್ಲ. ಆತ ಕುಂದಾಪುರದ ಕಡೆಯವನಾಗಲಿ, ಕಾರ್ಕಳದವನಾಗಲಿ, ವಿಜಯವಾಡದ ಗಿರಾಕಿಗಳಿಗೆ ಬರಿಯ ಮಾಣಿ. ಗಲ್ಲಾದ ಮೇಲೆ ಕುಳಿತವರಿಗೆ ಮೂರನೆಯ ಮೇಜಿನವನು. ನಾಲ್ಕನೆಯ ಮೇಜಿಗೆ ಬದಲಾದ ದಿನ ಆತನ ಗುರುತೂ ಬದಲಾಗುತ್ತದೆ. ವಿಶಾಖಪಟ್ಟಣದ ಕಚೇರಿಗಳಲ್ಲಿ ಗುಮಾಸ್ತರಾಗಿರುವ ನಮ್ಮವರಿಗೂ ಇಂಥ ಅನುಭವವುಂಟು. ಕಡತಗಳಿಗೆಲ್ಲ ಹೊಸ ಅನುಕ್ರಮ ಸಂಖ್ಯೆ ಹಾಕಬೇಕೆಂದು ಅಪ್ಪಣೆಯಾದರೆ, ಹಳೆಯ ಕಡತ ಎಲ್ಲಿ ಅಡಗಿತೆಂದು ಹುಡುಕುವುದರಲ್ಲಿಯೇ ವಾರ ಕಳೆದುಹೋಗುತ್ತದೆ. ಇದೇ ತೊಡಕು ಒಂದು ಕಾಲದಲ್ಲಿ ಆಕಾಶದಲ್ಲಿಯೂ ಇದ್ದಿತೆಂದರೆ ವಾಚಕರು ನಗಬಹುದು. ಶನಿಯ ಚಂದ್ರರೂ, ಅದರಾಚೆಗಿರುವ ಯುರೇನಸ್ ಗ್ರಹದ ಚಂದ್ರರೂ ಬಹುಕಾಲ ಸಂಖ್ಯೆಗಳಿಂದಲೇ ಕರೆಯಲ್ಪಡುತ್ತಿದ್ದರು. ಅವರಿಗೆ ಒಬ್ಬೊಬ್ಬರಿಗೂ ಹೆಸರು ಕೊಟ್ಟವರು ಇಂಗ್ಲೆಂಡಿನ ಸರ್ ಜಾನ್ ಹರ್ಷೆಲ್ಲರು. ತಾವಾಗಿ ಒಂದು ಚಂದ್ರನನ್ನೂ ಕಂಡುಹಿಡಿಯದ ಈ ಪುರುಷರು ಹನ್ನೊಂದು ಚಂದ್ರರಿಗೆ ಹೆಸರಿಟ್ಟರು. ಶನಿಗೆ ಪುರಾಣದಿಂದಲೂ ಯುರೇನಸ್ಸಿಗೆ ಕಾವ್ಯನಾಟಕಗಳಿಂದಲೂ ಅವರು ಆರಿಸಿದ ಆ ಹೆಸರುಗಳು ಇಂದಿಗೂ ಅಳಿಸಿಲ್ಲ. ಅವರ ಜೀವನದ ವಿವರವನ್ನು ವಾಚಕರ ಮುಂದಿಡಲು ನಮಗೆ ಇನ್ನೊಂದು ಕಾರಣವೂ ಉಂಟು. ಅದು ಜಮಖಂಡಿಗೂ ಗುಂಟೂರಿಗೂ ಸಂಬಂಧಪಟ್ಟುದು. ಅದನ್ನು ಮುಂದೆ ಹೇಳುವೆವು.

ಹರ್ಷೆಲ್ ಮನೆತನ ಮೂಲತಃ ಇಂಗ್ಲೆಂಡಿನದಲ್ಲ. ಜಾನರ ತಂದೆ ವಿಲಿಯಂ ಹರ್ಷೆಲ್ ಜರ್ಮನಿಯ ಹ್ಯಾನೋವರಿನವರು. ದಂಡಿನ ವಾದ್ಯಮೇಳದಲ್ಲಿ ಓಬೋ ಎಂಬ ಊದುವಾದ್ಯ ನುಡಿಸುತ್ತಿದ್ದವರು. ೧೭೫೭ರಲ್ಲಿ ಹೊಟ್ಟೆಪಾಡಿಗಾಗಿ ಇಂಗ್ಲೆಂಡಿಗೆ ಬಂದು, ಪರರ ಭಾಷೆಯನ್ನು ಕಲಿತು, ಸಂಗೀತ ಪಾಠ ಹೇಳಿ ಬದುಕಿದರು. ಬಾತ್ ನಗರದಲ್ಲಿ ನೆಲೆ ನಿಂತ ಮೇಲೆ ಊರಿನಿಂದ ತಂಗಿ ಕೆರೋಲಿನಳನ್ನು ಕರೆಸಿಕೊಂಡರು. ಹಗಲು ಸಂಗೀತ, ರಾತ್ರಿ ನಕ್ಷತ್ರ. ತಾವೇ ಕನ್ನಡಿ ಉಜ್ಜಿ ಮಾಡಿಕೊಂಡ ದೂರದರ್ಶಕದಲ್ಲಿ ೧೭೮೧ರ ಮಾರ್ಚ್ ೧೩ರ ರಾತ್ರಿ ಅವರಿಗೊಂದು ಹೊಸ ಗ್ರಹ ಕಾಣಿಸಿತು. ಕಣ್ಣಿಗೆ ಕಾಣುವ ಐದು ಗ್ರಹಗಳ ಆಚೆಗೆ ಮನುಷ್ಯನಿಗೆ ತಿಳಿದುಬಂದ ಮೊದಲನೆಯ ಗ್ರಹವದು. ಪರದೇಶದಿಂದ ಬಂದ ವಾದ್ಯಗಾರನ ಹೆಸರು ಯೂರೋಪಿನಲ್ಲೆಲ್ಲ ಹಬ್ಬಿತು. ಅರಸ ಮೂರನೆಯ ಜಾರ್ಜನು ವರ್ಷಕ್ಕೆ ೨೦೦ ಪೌಂಡುಗಳ ವೇತನವನ್ನು ಗೊತ್ತುಮಾಡಿದನು. ಉಪಕಾರ ಸ್ಮರಣೆಗಾಗಿ ವಿಲಿಯಂ ತಮ್ಮ ಗ್ರಹಕ್ಕೆ ಅರಸನ ಹೆಸರನ್ನೇ ಇಟ್ಟರು. ಇಂಗ್ಲೆಂಡಿನ ಹೊರಗೆ ಆ ಹೆಸರು ಯಾರಿಗೂ ರುಚಿಸಲಿಲ್ಲ. ಫ್ರಾನ್ಸಿನಲ್ಲಿ ಕೆಲವರು ಗ್ರಹವನ್ನು ಹರ್ಷೆಲ್ ಎಂದೇ ಕರೆದರು. ಜರ್ಮನಿಯ ಬೋಡೆ ಎಂಬ ಪಂಡಿತರು ಸೂಚಿಸಿದ ಯುರೇನಸ್ ಎಂಬ ಹೆಸರು, ಎಂದರೆ ಶನಿಯ ತಂದೆಯಾದ ಆಕಾಶದೇವತೆಯ ಹೆಸರು, ಮೆಲ್ಲಮೆಲ್ಲನೆ ಊರ್ಜಿತವಾಯಿತು. ಇಂಗ್ಲೆಂಡಿನ ನಾವಿಕ ಪಂಚಾಂಗ ಮಾತ್ರ ೧೮೫೦ರ ವರೆಗೂ ಅರಸನ ಹೆಸರನ್ನು ಬಿಡಲಿಲ್ಲ.

ರಾಜರ ಹೆಸರನ್ನು ಆಕಾಶಕ್ಕೆ ಅಂಟಿಸುವ ಪ್ರಯತ್ನ ಅದೇ ಮೊದಲನೆಯದಲ್ಲ. ಗುರುಗ್ರಹದ ನಾಲ್ಕು ಚಂದ್ರರನ್ನು ೧೬೧೦ರಲ್ಲಿ ಕಂಡ ಗೆಲಿಲಿಯೋ ಅವುಗಳನ್ನು ಮೆಡಿಚಿ ವಂಶದವರಿಗೆ ಅರ್ಪಿಸಿದನು. ಶನಿಯ ನಾಲ್ಕು ಚಂದ್ರರನ್ನು ಕಂಡ ಕ್ಯಾಸಿನಿ ಅವುಗಳಿಗೆ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಹೆಸರನ್ನಿಟ್ಟನು. ಮೂರೂ ಹೆಸರುಗಳು ಇಂದು ಗ್ರಂಥಗಳಲ್ಲಿ ಮಾತ್ರ ಇವೆ. ಸಂಬಳ ಕೊಟ್ಟವರನ್ನು ಸಂತೋಷಪಡಿಸುವುದು ತಪ್ಪೇನೂ ಅಲ್ಲ. ಆದರೆ ಒಬ್ಬ ದೊರೆಯ ಸಂಬಳ ಇನ್ನೊಬ್ಬ ದೊರೆಯ ನಾಡಿನಲ್ಲಿ ಚಲಾವಣೆಯಾಗದು.

ವಿಲಿಯಮರು ಐವತ್ತು ತುಂಬುವ ಮುನ್ನ ಮೇರಿ ಪಿಟ್ ಎಂಬ ವಿಧವೆಯನ್ನು ಮದುವೆಯಾದರು. ಅವರ ಏಕಮಾತ್ರ ಪುತ್ರ ಜಾನ್, ೧೭೯೨ರ ಮಾರ್ಚ್ ೭ರಂದು ಸ್ಲೌ ಎಂಬ ಊರಿನಲ್ಲಿ ಜನಿಸಿದರು. ಆ ಮನೆಯ ಅಂಗಳದಲ್ಲಿ ನಲವತ್ತು ಅಡಿ ಉದ್ದದ ಕಬ್ಬಿಣದ ಕೊಳವೆಯೊಂದು ಮರದ ಅಟ್ಟಣೆಯ ಮೇಲೆ ನಿಂತಿದ್ದಿತು. ಅದೇ ಆ ಕಾಲದ ಲೋಕದ ಅತಿ ದೊಡ್ಡ ದೂರದರ್ಶಕ. ಅದರ ಕನ್ನಡಿಯ ಅಗಲವೇ ನಾಲ್ಕು ಅಡಿ. ತಂದೆ, ಸೋದರತ್ತೆ ಇಬ್ಬರೂ ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ನಿದ್ರಿಸುವ ಮನೆಯಲ್ಲಿ ಬಾಲಕ ಬೆಳೆದುದು. ಕೇಂಬ್ರಿಜಿನಲ್ಲಿ ಓದಿ ೧೮೧೩ರ ಗಣಿತ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೊದಲಿಗರಾದರು. ಆದರೂ ಜಾನರಿಗೆ ಖಗೋಳದಲ್ಲಿ ಮನಸ್ಸಿರಲಿಲ್ಲ. ಕೆಲವು ಕಾಲ ನ್ಯಾಯಶಾಸ್ತ್ರ ಓದಿದರು, ಬಿಟ್ಟರು. ರಸಾಯನಶಾಸ್ತ್ರದಲ್ಲಿ ಆಸಕ್ತಿ ತಳೆದರು. ೧೮೧೬ರಲ್ಲಿ ತಂದೆಗೆ ಎಪ್ಪತ್ತೇಳು ವರ್ಷ. ಕನ್ನಡಿ ಉಜ್ಜುವ ಕೈಯಲ್ಲಿ ಶಕ್ತಿಯಿಲ್ಲ, ಏಣಿ ಹತ್ತುವ ಕಾಲಿನಲ್ಲಿ ಬಲವಿಲ್ಲ. ಆ ವರ್ಷ ಜಾನ್ ಕೇಂಬ್ರಿಜನ್ನು ಒಲ್ಲದ ಮನಸ್ಸಿನಿಂದಲೇ ಬಿಟ್ಟು ಸ್ಲೌಗೆ ಹಿಂದಿರುಗಿದರು. ಅಪ್ಪನ ಅಂಗಡಿಯನ್ನು ವಹಿಸಿಕೊಳ್ಳಲೆಂದು ಓದು ಬಿಟ್ಟು ಬಂದ ಮಗನ ಮನಸ್ಸು ನಮ್ಮ ವಾಚಕರಲ್ಲಿ ಹಲವರಿಗೆ ತಿಳಿದುದೇ. ವಿಲಿಯಮರು ೧೮೨೨ರ ಆಗಸ್ಟಿನಲ್ಲಿ ತೀರಿಕೊಂಡರು. ಅವರು ಕಂಡ ಗ್ರಹಕ್ಕೆ ಸೂರ್ಯನನ್ನು ಒಮ್ಮೆ ಸುತ್ತಲು ೮೪ ವರ್ಷ ಬೇಕು. ಅವರ ಆಯುಸ್ಸು ಅದಕ್ಕೆ ಮೂರು ತಿಂಗಳಷ್ಟೇ ಕಡಿಮೆ.

ಮಗನಿಗೆ ತಂದೆಯಿಂದ ಬಂದ ಆಸ್ತಿಯಲ್ಲಿ ಒಂದು ತೊಡಕಿನ ಪತ್ರವೂ ಇದ್ದಿತು. ವಿಲಿಯಮರು ೧೭೮೭ರಲ್ಲಿ ಯುರೇನಸ್ಸಿನ ಎರಡು ಚಂದ್ರರನ್ನು ಕಂಡಿದ್ದರು. ಮುಂದೆ ಇನ್ನೂ ನಾಲ್ಕನ್ನು ಕಂಡೆನೆಂದು ಪ್ರಕಟಿಸಿ ಒಟ್ಟು ಆರು ಎಂದಿದ್ದರು. ಅಷ್ಟು ಮಂಕಾದ ಚುಕ್ಕೆಗಳನ್ನು ಪರೀಕ್ಷಿಸಬಲ್ಲ ಯಂತ್ರ ಬೇರೆಯವರಲ್ಲಿ ಇರಲಿಲ್ಲ. ಜಾನ್ ತಮ್ಮ ಇಪ್ಪತ್ತು ಅಡಿಯ ದೂರದರ್ಶಕದಿಂದ ೧೮೨೮ರಿಂದ ಮೊದಲುಗೊಂಡು ವರ್ಷಗಟ್ಟಲೆ ಹುಡುಕಿದರು. ಮೊದಲಿನ ಎರಡು ನಿಜವಾಗಿ ಇದ್ದುವು. ಉಳಿದ ನಾಲ್ಕು ಅವರಿಗೆ ಕಾಣಿಸಲಿಲ್ಲ. ಕಾಣಿಸಿದುದನ್ನಷ್ಟೇ ಅವರು ಲೆಕ್ಕಕ್ಕೆ ಹಿಡಿದರು. ತಂದೆಯ ಗೌರವಕ್ಕೆಂದು ಒಂದನ್ನಾದರೂ ಕಂಡೆನೆನ್ನುವ ಆಸೆ ಯಾರಿಗೆ ಬಾರದು? ಜಾನರ ಇಡೀ ಜೀವನದಲ್ಲಿ ನಾವು ಅತ್ಯಂತ ಮೆಚ್ಚಿದ ಸಂಗತಿ ಇದೇ.

೧೮೩೩ರ ನವೆಂಬರಿನಲ್ಲಿ ಅವರು ಪತ್ನಿ ಮಾರ್ಗರೆಟ್ ಮತ್ತು ಮಕ್ಕಳೊಂದಿಗೆ ಹಡಗು ಹತ್ತಿ ಆಫ್ರಿಕದ ದಕ್ಷಿಣ ತುದಿಯ ಕೇಪ್ ಪ್ರಾಂತಕ್ಕೆ ಹೋದರು. ತಂದೆ ಉತ್ತರದ ಆಕಾಶವನ್ನು ಶೋಧಿಸಿದ್ದರು, ದಕ್ಷಿಣದ್ದು ಬಾಕಿಯಿತ್ತು. ಸರ್ಕಾರದ ಧನಸಹಾಯವನ್ನು ಬೇಡವೆಂದು ಸ್ವಂತ ಖರ್ಚಿನಲ್ಲಿ ಹೋದರು. ಕೇಪ್ ಟೌನಿನ ಸಮೀಪ ಫೆಲ್ಡ್‌ಹೌಸನ್ ಎಂಬ ತೋಟದ ಮನೆಯಲ್ಲಿ ನಾಲ್ಕು ವರ್ಷ ದುಡಿದರು. ೧೭೦೭ ನೀಹಾರಿಕೆ ಮತ್ತು ನಕ್ಷತ್ರಪುಂಜಗಳನ್ನೂ, ೨೧೦೨ ಜೋಡಿ ನಕ್ಷತ್ರಗಳನ್ನೂ ಪಟ್ಟಿಮಾಡಿದರು. ಬಿಡುವಿನಲ್ಲಿ ಗಿಡಹೂಗಳ ಚಿತ್ರ ಬರೆಯುತ್ತಿದ್ದರು; ಹೂವಿಗೆ ಬಣ್ಣ ತುಂಬುವುದು ಹೆಂಡತಿಯ ಕೆಲಸ. ಅವರಿಲ್ಲಿ ಹೀಗೆ ದುಡಿಯುತ್ತಿರುವಾಗ, ೧೮೩೫ರಲ್ಲಿ ನ್ಯೂಯಾರ್ಕಿನ ಒಂದು ಪತ್ರಿಕೆ ಹರ್ಷೆಲ್ಲರು ಚಂದ್ರಲೋಕದಲ್ಲಿ ರೆಕ್ಕೆಯುಳ್ಳ ಮನುಷ್ಯರನ್ನು ಕಂಡರೆಂದು ಕಟ್ಟುಕಥೆ ಅಚ್ಚುಮಾಡಿ ಸಾವಿರಾರು ಪ್ರತಿ ಮಾರಿತು. ಪತ್ರಿಕೆಯವರಾದ ನಾವು ಆ ವಿಷಯವನ್ನು ಹೆಚ್ಚು ಬೆಳೆಸದಿರುವುದು ಒಳಿತು.

೧೮೩೮ರಲ್ಲಿ ಹಿಂದಿರುಗಿದಾಗ ಸ್ಲೌ ಮನೆಯ ನಲವತ್ತಡಿಯ ಯಂತ್ರದ ಮರದ ಅಟ್ಟಣೆ ಕೊಳೆತು ಬೀಳುವಂತಾಗಿದ್ದಿತು. ಅದನ್ನು ಬಿಚ್ಚಿಸುವುದು ಅನಿವಾರ್ಯವಾಯಿತು. ೧೮೩೯ರ ಕೊನೆಯ ರಾತ್ರಿ ಜಾನ್, ಹೆಂಡತಿ, ಮಕ್ಕಳು ಎಲ್ಲರೂ ಆ ಕೊಳವೆಯೊಳಗೆ ಹೊಕ್ಕು ಕುಳಿತು, ಜಾನರೇ ಕಟ್ಟಿದ ಹಾಡೊಂದನ್ನು ಹಾಡಿ ಅದನ್ನು ಬೀಳ್ಕೊಟ್ಟರು. ಅದೇ ವರ್ಷ ಅವರು ಆ ಅಟ್ಟಣೆಯ ಛಾಯಾಚಿತ್ರವನ್ನು ಗಾಜಿನ ಮೇಲೆ ತೆಗೆದಿದ್ದರು. ಅದು ಇಂದಿಗೂ ಉಳಿದಿದೆ. ಛಾಯಾಚಿತ್ರ ಮಾಸಿಹೋಗದಂತೆ ನಿಲ್ಲಿಸುವ ಹೈಪೋ ಎಂಬ ಲವಣದ ಗುಣವನ್ನು ತೋರಿಸಿಕೊಟ್ಟವರೂ ಅವರೇ. ನೆಗೆಟಿವ್, ಪಾಸಿಟಿವ್ ಎಂಬ ಮಾತುಗಳನ್ನು ಛಾಯಾಚಿತ್ರಕ್ಕೆ ಅನ್ವಯಿಸಿದವರೂ ಅವರೇ. ೧೮೪೨ರಲ್ಲಿ ಅವರು ಕಂಡುಹಿಡಿದ ನೀಲಿ ಮುದ್ರಣದ ಕ್ರಮದಿಂದಲೇ ಮುಂದೆ ಎಂಜಿನಿಯರುಗಳ ಬ್ಲೂಪ್ರಿಂಟುಗಳು ಹುಟ್ಟಿದುವು.

ಸ್ಲೌನಲ್ಲಿ ದೊಡ್ಡ ದೂರದರ್ಶಕ ಬಿಚ್ಚಿದ ಕಾಲಕ್ಕೇ, ೧೮೪೦ರ ಸುಮಾರಿಗೆ, ವಿಶಾಖಪಟ್ಟಣದಲ್ಲಿ ಒಂದು ವೇಧಶಾಲೆ ಎದ್ದಿತೆಂಬುದು ಅಲ್ಲಿ ವಾಸಿಸುವ ನಮ್ಮವರಲ್ಲಿ ಹೆಚ್ಚು ಮಂದಿಗೆ ತಿಳಿಯದು. ಡಾಬಾ ಗಾರ್ಡನ್ಸ್ ಎಂದು ಇಂದು ಜನ ಕಿಕ್ಕಿರಿದಿರುವ ಭಾಗದಲ್ಲಿ, ಗೋಡೆ ವೆಂಕಟ ಜಗ್ಗಾರಾವು ಎಂಬ ಜಮೀನ್ದಾರಿ ಮನೆತನದವರು ಸ್ವಂತ ಹಣದಿಂದ ಅದನ್ನು ಕಟ್ಟಿಸಿದರು. ಮದ್ರಾಸಿನ ವೇಧಶಾಲೆಯ ಟೇಲರ್ ಅವರಲ್ಲಿ ಅವರು ಈ ವಿದ್ಯೆಯನ್ನು ಕಲಿತಿದ್ದರು. ಅವರು ೧೮೫೬ರಲ್ಲಿ ತೀರಿಕೊಂಡ ಮೇಲೆ ಅಳಿಯ ಅಂಕಿತಂ ವೆಂಕಟ ನರಸಿಂಗರಾವು ಅದನ್ನು ನಡೆಸಿಕೊಂಡು ಬಂದರು. ೧೮೭೪ರ ಡಿಸೆಂಬರಿನಲ್ಲಿ ಶುಕ್ರಗ್ರಹ ಸೂರ್ಯಬಿಂಬವನ್ನು ದಾಟಿದುದನ್ನು ಅಲ್ಲಿಂದಲೇ ವೀಕ್ಷಿಸಿ ವರದಿ ಕಳುಹಿಸಿದರು. ಜಾನ್ ಹರ್ಷೆಲ್ಲರು ೧೮೨೦ರಲ್ಲಿ ಗೆಳೆಯರೊಡನೆ ಲಂಡನ್ನಿನಲ್ಲಿ ಸ್ಥಾಪಿಸಿದ ಖಗೋಳ ಸಂಘಕ್ಕೆ ಈ ನರಸಿಂಗರಾವುಗಳೂ ಸದಸ್ಯರಾಗಿ ಚುನಾಯಿತರಾದರು.

ಇನ್ನು ನಾಮಕರಣದ ಪ್ರಸಂಗ. ಶನಿಯ ಮೊದಲನೆಯ ಚಂದ್ರನನ್ನು ಹೈಗೆನ್ಸ್ ೧೬೫೫ರಲ್ಲಿ ಕಂಡನು. ಕ್ಯಾಸಿನಿ ೧೬೭೧ರಿಂದ ೧೬೮೪ರೊಳಗೆ ನಾಲ್ಕನ್ನು ಕಂಡನು. ಶನಿಯಿಂದ ದೂರದ ಕ್ರಮದಲ್ಲಿ ಒಂದರಿಂದ ಐದರ ವರೆಗೆ ಸಂಖ್ಯೆ ಹಾಕಲಾಯಿತು. ಹೈಗೆನ್ಸ್ ಕಂಡ ದೊಡ್ಡದು ನಾಲ್ಕನೆಯದಾಯಿತು. ೧೭೮೯ರಲ್ಲಿ ವಿಲಿಯಂ ಹರ್ಷೆಲ್ಲರು ಇನ್ನೆರಡನ್ನು ಕಂಡರು. ಅವು ಎಲ್ಲಕ್ಕಿಂತ ಒಳಗಡೆ ಇದ್ದುವು. ಈಗೇನು ಮಾಡುವುದು? ಕಂಡ ಕ್ರಮದಲ್ಲಿ ಎಣಿಸಿದರೆ ಎಲ್ಲಕ್ಕಿಂತ ಒಳಗಿನದಕ್ಕೆ ಏಳನೆಯ ಸ್ಥಾನ. ದೂರದ ಕ್ರಮದಲ್ಲಿ ಎಣಿಸಿದರೆ ನಾಲ್ಕನೆಯದು ಆರನೆಯದಾಗಿ ಹಳೆಯ ಗ್ರಂಥಗಳೆಲ್ಲ ತಪ್ಪಾಗುತ್ತವೆ. ಒಬ್ಬ ಪಂಡಿತ ಒಂದು ಲೆಕ್ಕ, ಇನ್ನೊಬ್ಬ ಇನ್ನೊಂದು ಲೆಕ್ಕ ಹಿಡಿದನು. ಆರನೆಯ ಚಂದ್ರ ಎಂದು ಯಾರಾದರೂ ಬರೆದರೆ ಅದಾವುದೆಂದು ಕೇಳಬೇಕಾಗಿತ್ತು.

ಕೇಪಿನ ಕೆಲಸದ ಬೃಹದ್ಗ್ರಂಥವನ್ನು ಜಾನ್ ೧೮೪೭ರಲ್ಲಿ ಪ್ರಕಟಿಸಿದರು. ಅದರಲ್ಲಿ ಈ ತೊಡಕಿಗೆ ಅವರು ಸೂಚಿಸಿದ ಪರಿಹಾರ ಸರಳವಾದುದು: ಸಂಖ್ಯೆ ಬಿಟ್ಟು ಹೆಸರಿಡುವುದು. ಶನಿ ಎಂದರೆ ಗ್ರೀಕರ ಕ್ರೋನಸ್. ಅವನ ಒಡಹುಟ್ಟಿದವರು ಟೈಟನರು. ಅವನ ಪರಿವಾರಕ್ಕೆ ಆ ವಂಶದವರೇ ತಕ್ಕವರೆಂದು ಮೈಮಾಸ್, ಎನ್ಸೆಲಾಡಸ್, ಟೀಥಿಸ್, ಡಯೋನಿ, ರಿಯಾ, ಟೈಟನ್, ಐಯಾಪೆಟಸ್ ಎಂದು ಏಳು ಹೆಸರುಗಳನ್ನು ಕೊಟ್ಟರು. ಮರುವರ್ಷವೇ ಇದರ ಪ್ರಯೋಜನ ಕಾಣಿಸಿತು. ೧೮೪೮ರಲ್ಲಿ ಟೈಟನ್ನಿಗೂ ಐಯಾಪೆಟಸ್ಸಿಗೂ ನಡುವೆ ಎಂಟನೆಯ ಚಂದ್ರನೊಂದು ಸಿಕ್ಕಿತು. ಅದಕ್ಕೆ ಹೈಪೀರಿಯನ್ ಎಂದು ಹೆಸರಾಯಿತು. ಉಳಿದವುಗಳ ಹೆಸರು ಕದಲಲಿಲ್ಲ. ಹ್ಯಾನೋವರಿಗೆ ಹಿಂದಿರುಗಿದ್ದ ಸೋದರತ್ತೆ ಕೆರೋಲಿನರಿಗೆ ಆಗ ತೊಂಬತ್ತೇಳು ವರ್ಷ. ೧೮೪೮ರ ಜನವರಿಯಲ್ಲಿ ಕಣ್ಣು ಮುಚ್ಚುವ ಮುನ್ನ ಆ ಗ್ರಂಥದ ಪ್ರತಿ ಅವರ ಕೈ ಸೇರಿದ್ದಿತು.

ಹೈಪೀರಿಯನ್ನನ್ನು ಕಂಡವರಲ್ಲಿ ವಿಲಿಯಂ ಲಾಸೆಲ್ ಒಬ್ಬರು. ಲಿವರ್ಪೂಲಿನಲ್ಲಿ ಬಿಯರ್ ತಯಾರಿಸಿ ಮಾರಿ ಹಣ ಗಳಿಸಿ, ಆ ಹಣದಿಂದ ದೂರದರ್ಶಕ ಕಟ್ಟಿದ ವ್ಯಾಪಾರಿ ಈತ. ೧೮೫೧ರ ಅಕ್ಟೋಬರಿನಲ್ಲಿ ಲಾಸೆಲ್ ಯುರೇನಸ್ಸಿಗೆ ಸಮೀಪದಲ್ಲಿ ಎರಡು ಹೊಸ ಚಂದ್ರರನ್ನು ಕಂಡು, ಹೆಸರಿಡಬೇಕೆಂದು ಹರ್ಷೆಲ್ಲರನ್ನೇ ಕೇಳಿಕೊಂಡರು. ಜಾನರಿಗೆ ಅದು ಸುಖದ ಕಾಲವಾಗಿರಲಿಲ್ಲ. ೧೮೫೦ರ ಕೊನೆಯಿಂದ ಅವರು ಸರ್ಕಾರದ ಟಂಕಸಾಲೆಯ ಮುಖ್ಯಾಧಿಕಾರಿಯಾಗಿದ್ದರು. ನಾಣ್ಯ, ಲೆಕ್ಕ, ಸಿಬ್ಬಂದಿಯ ತಗಾದೆಗಳ ನಡುವೆ ಆರೋಗ್ಯ ಕುಸಿಯುತ್ತಿದ್ದಿತು; ೧೮೫೫ರಲ್ಲಿ ಆ ಹುದ್ದೆಯನ್ನು ಬಿಟ್ಟರು. ಇಂಥ ಕಚೇರಿಯ ದುಡಿಮೆಯ ನಡುವೆ, ೧೮೫೨ರಲ್ಲಿ, ಅವರು ನಾಲ್ಕು ಹೆಸರುಗಳನ್ನು ಆರಿಸಿ ಕಳುಹಿಸಿದರು. ತಂದೆ ಕಂಡ ಎರಡಕ್ಕೆ ಟೈಟೇನಿಯಾ ಮತ್ತು ಓಬೆರಾನ್. ಲಾಸೆಲ್ ಕಂಡ ಎರಡಕ್ಕೆ ಏರಿಯಲ್ ಮತ್ತು ಅಂಬ್ರಿಯಲ್. ತಂದೆಯ ಉಳಿದ ನಾಲ್ಕು ಚಂದ್ರರಿಗೆ ಅದರಲ್ಲಿ ಎಡೆಯಿರಲಿಲ್ಲ.

ಈ ಸಲ ಗ್ರೀಕ್ ಪುರಾಣವಿಲ್ಲ, ಅರಸರೂ ಇಲ್ಲ. ಟೈಟೇನಿಯಾ, ಓಬೆರಾನ್ ಇಬ್ಬರೂ ಷೇಕ್ಸ್‌ಪಿಯರನ ಮಧ್ಯಬೇಸಗೆಯ ಕನಸಿನ ನಾಟಕದ ಗಂಧರ್ವ ರಾಣಿ ಮತ್ತು ರಾಜ. ಏರಿಯಲ್, ಅಂಬ್ರಿಯಲ್ ಇಬ್ಬರೂ ಅಲೆಕ್ಸಾಂಡರ್ ಪೋಪ್ ಕವಿಯ ಹಾಸ್ಯಕಾವ್ಯದಲ್ಲಿ ಬರುವ ಅಶರೀರಿಗಳು. ಕತ್ತರಿಸಲ್ಪಟ್ಟ ಒಂದು ಮುಂಗುರುಳಿಗಾಗಿ ಎದ್ದ ಜಗಳ ಅದರ ಕಥೆ. ಆಕಾಶದೇವತೆಯ ಪರಿವಾರದಲ್ಲಿ ಗಾಳಿಯಲ್ಲಿ ತೇಲುವವರು ಇರಬೇಕೆಂಬ ಭಾವ ಇದರಲ್ಲಿದೆಯೆಂದು ನಮಗೆ ತೋರುತ್ತದೆ. ಹರ್ಷೆಲ್ಲರು ಕಾವ್ಯಪ್ರಿಯರು, ಮುಪ್ಪಿನಲ್ಲಿ ಹೋಮರನ ಇಲಿಯಡ್ಡನ್ನು ಇಂಗ್ಲಿಷ್ ಪದ್ಯಕ್ಕೆ ತಿರುಗಿಸಿ ೧೮೬೬ರಲ್ಲಿ ಅಚ್ಚುಹಾಕಿಸಿದವರು.

ಆ ನಾಟಕದಲ್ಲಿ ಗಂಧರ್ವ ದಂಪತಿಗಳಿಗೆ ಜಗಳ ಬರುವುದು ಒಬ್ಬ ಹಿಂದೂದೇಶದ ಹುಡುಗನಿಗಾಗಿ. ತಾಯಿ ಸತ್ತ ಆ ಮಗುವನ್ನು ಟೈಟೇನಿಯಾ ಸಾಕುತ್ತಾಳೆ. ತನ್ನ ಸೇವೆಗೆ ಬೇಕೆಂದು ಓಬೆರಾನ್ ಹಟ ಹಿಡಿಯುತ್ತಾನೆ. ಇಡೀ ಕಥೆಗೆ ಕಾರಣನಾದ ಆ ನಮ್ಮ ಹುಡುಗ ನಾಟಕದಲ್ಲಿ ಒಂದು ಮಾತನ್ನೂ ಆಡುವುದಿಲ್ಲ, ಕವಿ ಅವನಿಗೆ ಒಂದು ಹೆಸರನ್ನೂ ಕೊಟ್ಟಿಲ್ಲ. ಹೆಸರಿಲ್ಲದವನಿಗೆ ಆಕಾಶದಲ್ಲಿ ಜಾಗ ಸಿಗುವುದಾದರೂ ಹೇಗೆ?

ಹರ್ಷೆಲ್ಲರಿಗೆ ಹನ್ನೆರಡು ಮಂದಿ ಮಕ್ಕಳು; ಮೂವರು ಗಂಡು. ಹಿರಿಯರಾದ ವಿಲಿಯಂ ಜೇಮ್ಸ್ ಬಂಗಾಳದಲ್ಲಿ ಅಧಿಕಾರಿಯಾಗಿದ್ದರು. ೧೮೫೮ರಲ್ಲಿ ಒಬ್ಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಮುದ್ರೆ ಒತ್ತಿಸಿಕೊಂಡು, ಬೆರಳಚ್ಚಿನಿಂದ ಮನುಷ್ಯನ ಗುರುತು ಹಿಡಿಯುವ ಪದ್ಧತಿಗೆ ದಾರಿ ಮಾಡಿದವರು ಅವರು. ಕಿರಿಯರಿಗೆ ತಂದೆಯ ಹೆಸರೇ, ಜಾನ್. ಹಿಂದೂಸ್ಥಾನದ ಭೂಮಾಪನ ಇಲಾಖೆಯಲ್ಲಿ ಸೈನ್ಯದ ಎಂಜಿನಿಯರಾಗಿದ್ದ ಈ ಕಿರಿಯ ಜಾನರನ್ನು ಲಂಡನ್ನಿನ ರಾಯಲ್ ಸೊಸೈಟಿ ೧೮೬೮ರ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣ ನೋಡಲು ನೇಮಿಸಿತು. ಅವರು ಠಾಣ್ಯ ಹಾಕಿದುದು ನಮ್ಮ ಜಮಖಂಡಿಯಲ್ಲಿ.

ಆಗಸ್ಟ್ ಎಂದರೆ ಮಳೆಗಾಲ. ಮೋಡಗಳು ಆಗಾಗ ಸೂರ್ಯನನ್ನು ಮುಚ್ಚುತ್ತಿದ್ದುವು. ಐದು ಮಿನಿಟುಗಳ ಕತ್ತಲೆಯಲ್ಲಿ ಎಡೆ ಸಿಕ್ಕ ಕೆಲವು ಕ್ಷಣಗಳಲ್ಲಿಯೇ ಕಿರಿಯ ಹರ್ಷೆಲ್ಲರು ವರ್ಣಪಟಲ ದರ್ಶಕವನ್ನು ಸೂರ್ಯನ ಅಂಚಿನ ಕೆಂಪು ಜ್ವಾಲೆಯ ಕಡೆಗೆ ತಿರುಗಿಸಿ, ಕೆಂಪು, ಕಿತ್ತಳೆ, ನೀಲಿ ಎಂದು ಮೂರು ಪ್ರಕಾಶಮಾನವಾದ ಗೆರೆಗಳನ್ನು ಕಂಡರು. ಆ ಜ್ವಾಲೆಗಳು ಉರಿಯುವ ಅನಿಲವೆಂಬುದಕ್ಕೆ ಅದೇ ಸಾಕ್ಷಿ. ಅದೇ ನೆರಳು ನಿಜಾಮರ ಸೀಮೆಯನ್ನು ದಾಟಿ ಕೃಷ್ಣೆಯ ಬಯಲಿಗೆ ಬಂದಿತು. ವಿಜಯವಾಡದಿಂದ ಮೂವತ್ತು ಚಿಲ್ಲರೆ ಕಿಲೋಮೀಟರು ದೂರದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕಾದಿದ್ದರು. ಮಚಲೀಪಟ್ಟಣದಲ್ಲಿ ಮದ್ರಾಸಿನ ಪಾಗ್ಸನ್ ಇದ್ದರು. ಎರಡೂ ಊರುಗಳ ನಡುವಿನ ವಿಜಯವಾಡದ ಮೇಲೂ ಆ ಬೆಳಗ್ಗೆ ಕತ್ತಲೆ ಕವಿದಿತ್ತು. ಜಾನ್ಸೆನ್ನರು ಮರುದಿನ, ಗ್ರಹಣವಿಲ್ಲದ ಬಿಸಿಲಿನಲ್ಲಿಯೇ, ಆ ಜ್ವಾಲೆಗಳ ಗೆರೆಗಳನ್ನು ಮತ್ತೆ ನೋಡುವ ಉಪಾಯ ಕಂಡುಕೊಂಡರು. ಸೋಡಿಯಂ ಲೋಹದ ಗೆರೆಗೆ ಸಮೀಪವಿದ್ದೂ ಅದಲ್ಲದ ಆ ಹಳದಿ ಗೆರೆ ಒಂದು ಹೊಸ ಧಾತುವಿನದೆಂದು ಮುಂದೆ ಗೊತ್ತಾಗಿ, ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಮಗ ಜಮಖಂಡಿಯಲ್ಲಿ ಗ್ರಹಣ ನೋಡಿದಾಗ ವೃದ್ಧ ತಂದೆಗೆ ಎಪ್ಪತ್ತಾರು. ವಾದ್ಯಗಾರ ವಿಲಿಯಂ ಹ್ಯಾನೋವರ್ ಬಿಟ್ಟ ಮೇಲೆ ಆ ಮನೆತನದ ಮೂರು ತಲೆಮಾರು ಹೀಗೆ ಊರೂರಿನ ಆಕಾಶವನ್ನು ನೋಡಿತು.

ಸರ್ ಜಾನ್ ಹರ್ಷೆಲ್ಲರು ೧೮೭೧ರ ಮೇ ೧೧ರಂದು ಕೆಂಟ್ ಸೀಮೆಯ ಹಾಕ್‌ಹರ್ಸ್ಟಿನ ತಮ್ಮ ಮನೆಯಲ್ಲಿ ತೀರಿಕೊಂಡರು. ವೆಸ್ಟ್‌ಮಿನ್ಸ್ಟರ್ ಅಬ್ಬೆಯಲ್ಲಿ ನ್ಯೂಟನ್ನರ ಸಮಾಧಿಗೆ ಸಮೀಪದಲ್ಲಿ ಅವರಿಗೆ ಸ್ಥಳ ದೊರೆಯಿತು.

ಅವರು ಹಾಕಿಕೊಟ್ಟ ಪದ್ಧತಿ ನಿಂತಿತು. ೧೯೪೮ರಲ್ಲಿ ಕೈಪರ್ ಎಂಬ ವಿಜ್ಞಾನಿ ಯುರೇನಸ್ಸಿನ ಐದನೆಯ ಚಂದ್ರನನ್ನು ಕಂಡಾಗ ಅದಕ್ಕೆ ಮಿರಾಂಡಾ ಎಂದು ಹೆಸರಿಟ್ಟರು. ಏರಿಯಲ್ ಎಂಬ ಹೆಸರು ಷೇಕ್ಸ್‌ಪಿಯರನ ಟೆಂಪೆಸ್ಟ್ ನಾಟಕದಲ್ಲಿಯೂ ಇರುವುದರಿಂದ ಅದೇ ನಾಟಕದ ನಾಯಕಿಯನ್ನು ಅವರು ಆರಿಸಿಕೊಂಡರು. ನಮ್ಮ ಕುವೆಂಪು ಅವರು ಬಿರುಗಾಳಿ ಎಂದು ಕನ್ನಡಕ್ಕೆ ಅಳವಡಿಸಿದ ನಾಟಕವೇ ಅದು. ೧೯೮೬ರ ಜನವರಿಯಲ್ಲಿ ವಾಯೇಜರ್ ನೌಕೆ ಆ ಗ್ರಹದ ಬಳಿ ಹಾದುಹೋದ ಸಂದರ್ಭದಲ್ಲಿ ಇನ್ನೂ ಹತ್ತು ಚಂದ್ರರು ಕಾಣಿಸಿದರು: ಜೂಲಿಯೆಟ್, ಪೋರ್ಷಿಯಾ, ಕಾರ್ಡೀಲಿಯಾ, ಒಫೀಲಿಯಾ, ಡೆಸ್ಡಿಮೋನಾ ಮೊದಲಾದ ನಾಟಕದ ಹೆಣ್ಣುಗಳೇ ಹೆಚ್ಚು, ಓಬೆರಾನನ ಬಂಟ ಪಕ್ ಕೂಡ ಅವರೊಡನೆ ಸೇರಿದನು, ಪೋಪ್ ಕವಿಯ ಮುಂಗುರುಳಿನ ಒಡತಿ ಬೆಲಿಂಡಾಳಿಗೂ ಸ್ಥಾನ ಸಿಕ್ಕಿತು. ಬಸವಪ್ಪ ಶಾಸ್ತ್ರಿಗಳ ಶೂರಸೇನ ಚರಿತ್ರೆಯನ್ನು ಬಲ್ಲವರು ಡೆಸ್ಡಿಮೋನಾಳ ದುಃಖವನ್ನು ಕನ್ನಡದಲ್ಲಿಯೇ ಬಲ್ಲರು. ಶನಿಯ ಮೈಮಾಸ್ ಚಂದ್ರನ ಮುಖದ ಮೇಲಿರುವ ಸುಮಾರು ೧೩೦ ಕಿಲೋಮೀಟರು ಅಗಲದ ಗುಳಿಗೆ ತಂದೆ ವಿಲಿಯಮರ ಹೆಸರನ್ನಿಡಲಾಗಿದೆ. ಮಗ ಜಾನರ ಹೆಸರು ನಮ್ಮ ಚಂದ್ರನ ಉತ್ತರದಂಚಿನ ಒಂದು ಗುಳಿಗಿದೆ.

೨೦೨೫ರ ಫೆಬ್ರುವರಿಯಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಯುರೇನಸ್ಸಿನ ಇಪ್ಪತ್ತೊಂಬತ್ತನೆಯ ಚಂದ್ರ ಪತ್ತೆಯಾದುದು ಅದೇ ಆಗಸ್ಟಿನಲ್ಲಿ ಪ್ರಕಟವಾಯಿತು. ಅದರ ಅಗಲ ಹತ್ತು ಕಿಲೋಮೀಟರು ಮಾತ್ರ. ಪ್ರಕಟವಾದ ದಿನ ಅದಕ್ಕಿದ್ದುದು ವರ್ಷ ಮತ್ತು ಅನುಕ್ರಮ ಸಂಖ್ಯೆ ಸೇರಿದ ಒಂದು ತಾತ್ಕಾಲಿಕ ಗುರುತು.